ಗಂಧ, ಗಡಿ, ಗುಂಡು: ಒಡೆಯರಪಾಳ್ಯದ ಸುತ್ತಿನ ಕಾಡಿನಲ್ಲಿ ನೀತಿ ಮತ್ತು ವಿಧಿ

ಒಡೆಯರಪಾಳ್ಯ ಬಿಳಿಗಿರಿರಂಗನ ಬೆಟ್ಟಸಾಲಿನ ಮೂಡಲ ಮಗ್ಗುಲಲ್ಲಿ, ಇಂದಿನ ಹನೂರು ತಾಲ್ಲೂಕಿಗೆ ಸೇರಿದ ಊರು. ಪಡುವಲಿಗೆ ಬಿಳಿಗಿರಿಯ ಕಾಡು, ತೆಂಕಲಿಗೆ ಸತ್ಯಮಂಗಲ ಮತ್ತು ಬರಗೂರಿನ ಕಾಡು, ಮೂಡಲಿಗೆ ಮಲೆ ಮಹದೇಶ್ವರ ಬೆಟ್ಟ, ಅದರಾಚೆ ಪಾಲಾರ್ ಹಳ್ಳ ಮತ್ತು ಕಾವೇರಿ. ಸೋಲಿಗರ ಪೋಡುಗಳು, ಲಿಂಗಾಯತರು ಮತ್ತು ಬೇಡಗಂಪಣರ ಊರುಗಳು, ತಮಿಳು ಮಾತಾಡುವ ಕ್ರೈಸ್ತರ ಹಳ್ಳಿಗಳು ಈ ಸೀಮೆಯಲ್ಲಿ ಒಂದರ ಪಕ್ಕ ಒಂದಿವೆ. 1970ರ ದಶಕದಲ್ಲಿ ಟಿಬೆಟ್ ನಿರಾಶ್ರಿತರಿಗೆ ಕರ್ನಾಟಕ ಸರ್ಕಾರ ಜಮೀನು ಕೊಟ್ಟು ಕೂರಿಸಿದ ಧೊಂಡೆನ್‌ಲಿಂಗ್ ವಸತಿಯೂ ಒಡೆಯರಪಾಳ್ಯದಲ್ಲೇ ಇದೆ. ಇಷ್ಟು ಬಗೆಯ ಜನರನ್ನು ಒಳಗಿಟ್ಟುಕೊಂಡ ಈ ಕಾಡು 1980ರ ದಶಕದ ನಡುವಿನಿಂದ 2004ರವರೆಗೆ ಕೊಲೆ, ಅಪಹರಣ, ಬಂಧನಗಳ ಸುದ್ದಿಯಿಂದಲೇ ಹೊರಗಿನವರಿಗೆ ಪರಿಚಯವಾಯಿತು. ಆ ಇಪ್ಪತ್ತು ವರ್ಷಗಳ ಕಥೆಯನ್ನು ಒಬ್ಬ ಕಾಡುಗಳ್ಳನ ಕಥೆಯಾಗಿ ಹೇಳುವುದು ರೂಢಿ. ಆದರೆ ಅದರ ಬೇರುಗಳು ಅವನಿಗಿಂತ ಹಳೆಯವು, ಅದರ ನ್ಯಾಯಾನ್ಯಾಯದ ಲೆಕ್ಕ ಅವನ ಸಾವಿನೊಂದಿಗೆ ಮುಗಿಯಲೂ ಇಲ್ಲ.

ಮೊದಲ ಬೇರು ಗಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಮೈಸೂರಿಗೆ ಉಳಿಯದೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅಲ್ಲಿಂದ ಒಂದೂವರೆ ಶತಮಾನ ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕನ್ನಡದ ಮನೆಮಾತು, ಮಲೆ ಮಹದೇಶ್ವರನೆಂಬ ಮಾದಪ್ಪನ ಒಕ್ಕಲುತನ, ಮೈಸೂರಿನ ಕಡೆಯ ನೆಂಟಸ್ತಿಕೆ ಎಲ್ಲ ಇದ್ದರೂ ಕಂದಾಯ, ಕಚೇರಿ, ಕಾಡಿನ ಕಾನೂನು ಮದ್ರಾಸಿನವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ರಚನೆಯಾದಾಗ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸದಾಗಿ ಹುಟ್ಟಿದ ಚಾಮರಾಜನಗರ ಜಿಲ್ಲೆಗೆ ಸೇರಿತು. ಆ ಬಳಿಕ ಕೊಳ್ಳೇಗಾಲದಿಂದ ಒಡೆದು ಹನೂರು ಬೇರೆ ತಾಲ್ಲೂಕಾಯಿತು. 1956ರ ಗೆರೆ ಭಾಷೆಯನ್ನು ನೋಡಿ ಎಳೆದದ್ದೇ ಆದರೂ ಕಾಡಿನೊಳಗೆ ಅದು ಸರಿಯಾಗಿ ಕೂರಲಿಲ್ಲ. ಕಾವೇರಿಯ ದಂಡೆಯ ಗೋಪಿನಾಥಂ ತಮಿಳರ ಹಳ್ಳಿ, ಉಳಿದದ್ದು ಕರ್ನಾಟಕದಲ್ಲಿ. ತಾಳವಾಡಿಯ ಕಡೆಯ ಗಾಜನೂರು ಕನ್ನಡಿಗರ ಹಳ್ಳಿ, ಉಳಿದದ್ದು ತಮಿಳುನಾಡಿನಲ್ಲಿ. ಮುಂದೆ ಇಡೀ ದೇಶ ಕೇಳಿದ ಎರಡು ಹೆಸರುಗಳು ಈ ಎರಡು ಊರುಗಳವು. ಗೆರೆಯ ಈ ಕಡೆ ತಪ್ಪು ಮಾಡಿ ಆ ಕಡೆ ದಾಟಿದವನನ್ನು ಹಿಡಿಯಲು ಇನ್ನೊಂದು ಸರ್ಕಾರದ ಒಪ್ಪಿಗೆ ಬೇಕು. ದನಕ್ಕೂ ಆನೆಗೂ ಗೊತ್ತಿಲ್ಲದ ಗೆರೆ ಪೊಲೀಸರಿಗೆ ಗೋಡೆಯಾಗಿ, ಕಳ್ಳನಿಗೆ ಬಾಗಿಲಾಗಿ ಕೆಲಸ ಮಾಡಿತು.

ಎರಡನೆಯ ಬೇರು ಗಂಧದ ಮರ. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ರಾಜ್ಯ ಯಾರ ಕೈಗೆ ಹೋದರೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಮೊಳೆತ ಗಿಡವೂ ಸರ್ಕಾರದ್ದಾಗಿತ್ತು. ಮರಕ್ಕೆ ಏನಾದರೂ ಆದರೆ ಹೊಲದವನೇ ಜವಾಬು ಹೇಳಬೇಕಿತ್ತು. ಹಾಗಾಗಿ ಎಷ್ಟೋ ಕಡೆ ರೈತರು ಗಂಧದ ಸಸಿ ಕಂಡೊಡನೆ ಕಿತ್ತೆಸೆಯುತ್ತಿದ್ದರು. ಮರದ ಬೆಲೆ ಇರುವುದು ಕಾಂಡದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ದಶಕಗಳೇ ಬೇಕು. ಆದ್ದರಿಂದ ಕಳ್ಳ ಬುಡ ಕಡಿದು ಸುಮ್ಮನಾಗುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾನೆ. ತೊಗಟೆ ಮತ್ತು ಬಿಳಿಮರ ಕೆತ್ತಿ ಬಿಸಾಡಿ, ಕೊರಡನ್ನಷ್ಟೇ ತಲೆಹೊರೆಯಲ್ಲಿ ಕಾಡಿನಿಂದ ಇಳಿಸಿ ಲಾರಿಗೆ ತುಂಬುತ್ತಾನೆ. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಮೇಲೆ ಈ ಮರಕ್ಕೆ ಸರ್ಕಾರದ ಖಜಾನೆಯಲ್ಲಿ ದೊಡ್ಡ ಜಾಗ ಸಿಕ್ಕಿತು, ಕಳ್ಳಸಂತೆಯಲ್ಲೂ ಅಷ್ಟೇ ದೊಡ್ಡ ಜಾಗ. ಕೊಡಲಿ ಹಿಡಿದವನಿಗೆ ಸಿಗುತ್ತಿದ್ದದ್ದು ದಿನಗೂಲಿ. ಲಾಭ ಕಾಡನ್ನೇ ಕಾಣದವರಿಗೆ. ಮುಂದೆ ಸತ್ತವರ, ಜೈಲಿಗೆ ಹೋದವರ ಪಟ್ಟಿಯಲ್ಲಿ ಕೊಡಲಿಯವರೇ ಹೆಚ್ಚು, ವ್ಯಾಪಾರಿಗಳು ವಿರಳ. ಈ ಚರಿತ್ರೆಯಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದ ಅನ್ಯಾಯ ಇದು.

ಈ ಸೀಮೆಗೆ ಕಾನೂನಿನ ಪುಸ್ತಕಕ್ಕಿಂತ ಹಳೆಯದಾದ ನೀತಿಯ ಗ್ರಂಥ ಒಂದಿದೆ, ಅದು ಬಾಯಿಂದ ಬಾಯಿಗೆ ಬಂದದ್ದು. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಮಾದೇಶ್ವರನ ಮಹಾಕಾವ್ಯ ಹಲವು ಸಾಲುಗಳಾಗಿ ಹರಿದಿದೆ. ಶ್ರವಣದೊರೆಯ ಸಾಲಿನಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟ ದೊರೆಯನ್ನು ಮಾದಪ್ಪ ಅರಗಿನ ಪಾದರಕ್ಷೆಯ ಉಪಾಯದಿಂದ ಸುಡುತ್ತಾನೆ. ಆ ಪಾದರಕ್ಷೆ ಸಿದ್ಧವಾಗುವುದು ಮಾದಿಗರ ಹರಳಯ್ಯನ ಕೈಯಲ್ಲಿ. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಸಿರಿಯಿದ್ದೂ ಭಿಕ್ಷೆ ನೀಡದ ಗೌಡತಿಯ ಮನೆತನ ಅಳಿಯುತ್ತದೆ. ಇವೆರಡರಲ್ಲೂ ದೇವರು ಹಿಂಸೆಗೆ ಹೇಸುವುದಿಲ್ಲ, ಆದರೆ ಪೆಟ್ಟು ಬೀಳುವುದು ಮಾಡಿದ ತಪ್ಪಿಗೆ.

ಸಂಕಮ್ಮನ ಸಾಲು ಬೇರೆ ತರಹದ್ದು. ಸೋಲಿಗರ ನೀಲೇಗೌಡ ತಿಂಗಳುಗಟ್ಟಲೆ ಕಾಡಿಗೆ ಹೋಗುವ ಮುಂಚೆ ಹೆಂಡತಿಯಿಂದ ಶೀಲದ ಬಗ್ಗೆ ಬಲಗೈ ಭಾಷೆ ಕೇಳುತ್ತಾನೆ. ತಪ್ಪು ಮಾಡದ ತಾನು ಭಾಷೆ ಯಾಕೆ ಕೊಡಬೇಕೆಂದು ಅವಳು ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ. ಅನುಮಾನಕ್ಕಾಗಿ ಹಿಂಸೆ ಉಂಡ ನಿರಪರಾಧಿಯ ಈ ಕಥೆಯಲ್ಲಿ ಹಾಡುಗಾರ ಎಲ್ಲೂ ಹಿಂಸೆಗೆ ವಿಧಿಯ ಹೆಸರು ಕೊಟ್ಟು ಗಂಡನನ್ನು ಬಿಟ್ಟುಬಿಡುವುದಿಲ್ಲ. ಮಾಡಿದವನು ಯಾರೆಂಬುದು ಕೊನೆಯವರೆಗೂ ಕೇಳುಗನ ಎದುರಿಗಿರುತ್ತದೆ. ಅನುಮಾನ ಮತ್ತು ಭಾಷೆ ಎರಡೂ ಈ ಕಾಡಿನಲ್ಲಿ ಮತ್ತೊಮ್ಮೆ ಜೀವ ತೆಗೆದ ಕಾಲಕ್ಕೆ ಬರುವ ಮುನ್ನ ಈ ಹಾಡನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೂಸೆ ಮುನಿಸ್ವಾಮಿ ವೀರಪ್ಪನ್ ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದ. ಊರಿನ ನೆಲ ಬಡವು, ಬೇಟೆ ಹಳೆಯ ಕಸುಬು. ಮೊದಲು ಅವನ ಕಣ್ಣು ಇದ್ದದ್ದು ಆನೆಯ ದಂತದ ಮೇಲೆ. ಏಷ್ಯಾದ ಆನೆಗಳಲ್ಲಿ ದಂತವಿರುವುದು ಗಂಡಿಗೆ ಮಾತ್ರ, ಆದ್ದರಿಂದ ಬೇಟೆ ಹೆಚ್ಚಿದ ಕಾಡುಗಳಲ್ಲಿ ಗಂಡಾನೆಗಳ ಸಂಖ್ಯೆ ಕುಸಿಯಿತು. 1986ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಭಾರತದ ಆನೆದಂತದ ವ್ಯಾಪಾರವನ್ನು ಪೂರ್ತಿ ನಿಷೇಧಿಸಲಾಯಿತು. ಆ ಹೊತ್ತಿಗೆ ಗಂಧ ಅವನ ಮುಖ್ಯ ವ್ಯವಹಾರವಾಗುತ್ತಿತ್ತು. ಅದೇ ವರ್ಷ ಸಿಕ್ಕಿಬಿದ್ದವನು ಚಾಮರಾಜನಗರದ ಕಡೆಯ ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ. ಆಮೇಲೆ ಹದಿನೆಂಟು ವರ್ಷ ಅವನು ಯಾವ ಸರ್ಕಾರದ ಕೈಗೂ ಸಿಗಲಿಲ್ಲ.

ಇಲ್ಲಿ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯ ವಿಷಯವನ್ನು ವಿವರವಾಗಿ ಹೇಳಬೇಕು. ಆಂಧ್ರದ ರಾಜಮಂಡ್ರಿಯವರಾದ ಅವರು ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ಕಳ್ಳನ ಊರನ್ನೇ ಅವರು ತಮ್ಮ ಕೆಲಸದ ಜಾಗ ಮಾಡಿಕೊಂಡರು. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದರು, ಊರಿನವರಿಗೆ ಔಷಧೋಪಚಾರದ ಏರ್ಪಾಡು ಮಾಡಿದರು, ಗುಂಪಿನಲ್ಲಿದ್ದವರನ್ನು ಮಾತಿನಿಂದ ಒಲಿಸಿ ಶರಣಾಗಿಸಿದರು. ಬಡತನ ಕೊಡಲಿ ಹಿಡಿಸಿದ್ದರೆ, ಬಡತನದ ಮೇಲೆಯೇ ಕೆಲಸ ಮಾಡಬೇಕೆಂಬುದು ಅವರ ದಾರಿ. ಶರಣಾಗುತ್ತೇನೆಂಬ ವೀರಪ್ಪನ್‌ನ ಮಾತನ್ನು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು. ಅವರನ್ನು ಗುಂಡಿಕ್ಕಿ ಕೊಂದು ತಲೆ ಕಡಿಯಲಾಯಿತು. ತನ್ನ ತಂಗಿಯ ಸಾವಿಗೆ ಅವರೇ ಕಾರಣವೆಂಬುದು ಕೊಂದವನು ಹೇಳಿಕೊಂಡ ಸಮರ್ಥನೆ. ಮರಣೋತ್ತರವಾಗಿ ಶ್ರೀನಿವಾಸ್ ಅವರಿಗೆ ಕೀರ್ತಿಚಕ್ರ ಬಂತು. ಗೋಪಿನಾಥಂನ ಜನ ತಮ್ಮ ಗುಡಿಯಲ್ಲಿ ದೇವರ ಜೊತೆಗೆ ಅವರ ಚಿತ್ರವನ್ನೂ ಇಟ್ಟು ಗೌರವಿಸುತ್ತಾರೆ. ವೀರಪ್ಪನ್ ಬಡವರ ಬಂಧುವಾಗಿದ್ದ ಎಂದು ಹೇಳುವವರಿಗೆ ಅವನ ಸ್ವಂತ ಊರೇ ಕೊಟ್ಟ ಉತ್ತರ ಅದು.

ಅಲ್ಲಿಂದಾಚೆಗೆ ಕೊಲೆಗಳ ಓಟ ಹೆಚ್ಚಿತು. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ರಾತ್ರಿ ದಾಳಿ ನಡೆದು ಪೊಲೀಸರು ಸತ್ತರು, ಬಂದೂಕುಗಳು ಕಾಡು ಸೇರಿದವು. ಆಗಸ್ಟ್ 14ರಂದು ಮೀಣ್ಯದ ಬಳಿ ಮೈಸೂರಿನ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮಾಹಿತಿದಾರನ ಮಾತಿನ ಮೇಲೆ ಹೊರಟು ಹೊಂಚಿಗೆ ಸಿಕ್ಕಿ ಪ್ರಾಣ ಬಿಟ್ಟರು, ಜೊತೆಯಲ್ಲಿದ್ದ ಪೊಲೀಸರಲ್ಲೂ ಕೆಲವರು ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಸಮೀಪ ನೆಲಬಾಂಬುಗಳು ಸಿಡಿದು 22 ಜನ ಸತ್ತರು. ಅವರಲ್ಲಿ ಪೊಲೀಸರೊಂದಿಗೆ ಅರಣ್ಯ ಕಾವಲುಗಾರರೂ ದಾರಿ ತೋರಿಸಲು ಬಂದ ಮಾಹಿತಿದಾರರೂ ಇದ್ದರು. ತಂಡದ ನಾಯಕರಾಗಿದ್ದ ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕಿದರು.

ಮಾಹಿತಿದಾರ ಎಂಬ ಹಣೆಪಟ್ಟಿ ಈ ಕಾಲದ ಅತ್ಯಂತ ಅಪಾಯದ ವಸ್ತುವಾಗಿತ್ತು. ಪೊಲೀಸರಿಗೆ ಸುಳಿವು ಕೊಟ್ಟನೆಂಬ ಅನುಮಾನ ಬಂದರೆ ಗುಂಪು ಕೊಲ್ಲುತ್ತಿತ್ತು. ಗುಂಪಿಗೆ ಅಕ್ಕಿ, ಬೆಂಕಿಪೊಟ್ಟಣ, ಬ್ಯಾಟರಿ ಸೆಲ್ಲು ಮುಟ್ಟಿಸಿದನೆಂಬ ಅನುಮಾನ ಬಂದರೆ ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದರು. ಕಾಡಿಗೆ ದನ ಹೊಡೆದುಕೊಂಡು ಹೋಗುವವನಿಗೆ, ಸೀಗೆಕಾಯಿಗೆ ನೆಲ್ಲಿಕಾಯಿಗೆ ಜೇನಿಗೆ ಹೋಗುವ ಸೋಲಿಗನಿಗೆ ಎರಡೂ ಕಡೆಯವರು ಎದುರಾಗುವುದು ತಪ್ಪುವಂತಿರಲಿಲ್ಲ. ಯಾರನ್ನು ಕಂಡೆ ಎಂದು ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ.

ಅಮೆರಿಕದ ಕಾದಂಬರಿಕಾರ ಕಾರ್ಮಾಕ್ ಮೆಕಾರ್ಥಿ 2005ರಲ್ಲಿ ಪ್ರಕಟಿಸಿದ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಕಾದಂಬರಿಯೂ ಒಂದು ಗಡಿಯ ಕಥೆ. 1980ರ ಟೆಕ್ಸಾಸ್‌ನಲ್ಲಿ, ಮೆಕ್ಸಿಕೋ ಗಡಿಯ ಬಳಿ, ಜಿಂಕೆ ಬೇಟೆಗೆ ಹೋದ ಮಾಸ್ ಎಂಬ ವೆಲ್ಡರ್‌ಗೆ ಮಾದಕವಸ್ತು ಸಾಗಣೆದಾರರ ಹೆಣಗಳೂ ಹಣದ ಪೆಟ್ಟಿಗೆಯೂ ಸಿಗುತ್ತವೆ. ಅವನ ಬೆನ್ನು ಹತ್ತುವ ಚಿಗುರ್ ಎಂಬ ಕೊಲೆಗಾರ ಕೆಲವೊಮ್ಮೆ ನಾಣ್ಯ ಚಿಮ್ಮಿಸಿ ಎದುರಿನವನ ಸಾವು ಬದುಕು ತೀರ್ಮಾನಿಸುತ್ತಾನೆ. ತಾನು ಕೊಲ್ಲುತ್ತಿಲ್ಲ, ವಿಧಿ ಕೊಲ್ಲುತ್ತಿದೆ ಎಂಬುದು ಅವನ ತರ್ಕ. ವಯಸ್ಸಾದ ಷೆರಿಫ್ ಬೆಲ್ ಈ ಹಿಂಸೆಯ ಎದುರು ಸೋತು ಕೆಲಸ ಬಿಡುತ್ತಾನೆ. ಗಡಿ, ಕಳ್ಳಸಾಗಣೆ, ಕೈಸೋತ ಕಾನೂನು ಎಲ್ಲ ಕೊಳ್ಳೇಗಾಲದ ಓದುಗನಿಗೆ ಪರಿಚಿತ. ನಾಣ್ಯ ಮಾತ್ರ ಇಲ್ಲಿನದಲ್ಲ. ಹನೂರಿನ ಕಡೆಯ ಹಳ್ಳಿಗಳಲ್ಲಿ ಸತ್ತವನ ಮನೆಯವರು ಹಣೆಬರಹ ಎಂದು ನಿಟ್ಟುಸಿರು ಬಿಟ್ಟಿದ್ದರೂ, ಆ ಹಣೆಬರಹವನ್ನು ಬರೆದದ್ದು ಕೊರಡಿನ ಬೆಲೆ, ರಾಜ್ಯಗಳ ಗೆರೆ, ಮತ್ತು ಗುಂಡು ಹಾರಿಸಬಹುದೆಂದು ನಿರ್ಧರಿಸಿದ ಹೆಸರು ಗೊತ್ತಿರುವ ಮನುಷ್ಯರು. ತಾನು ನೆಪ ಮಾತ್ರ ಎನ್ನುವ ಚಿಗುರ್‌ನ ವಾದವನ್ನು ಸಂಕಮ್ಮನ ಸಾಲು ಹಾಡುವವರು ಒಪ್ಪುವವರಲ್ಲ.

1993ರ ನಂತರ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಈ ಕಾಡಿನಲ್ಲಿ ಬೀಡುಬಿಟ್ಟವು. ಭಯೋತ್ಪಾದನೆ ತಡೆಗೆಂದು ಬಂದಿದ್ದ ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಹೆಂಗಸರೂ ಸೇರಿ, ಮೈಸೂರಿನ ಜೈಲು ಸೇರಿದರು. ಜಾಮೀನು ಬಹುಮಟ್ಟಿಗೆ ಅಸಾಧ್ಯವಾಗಿದ್ದ ಆ ಕಾಯ್ದೆ 1995ರಲ್ಲಿ ತಾನೇ ಅಂತ್ಯ ಕಂಡರೂ ಅದರಡಿ ಹೂಡಿದ ಮೊಕದ್ದಮೆಗಳು ಮುಂದುವರಿದವು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಹೊರಬಂದರು. ಅಷ್ಟರಲ್ಲಿ ಎಷ್ಟೋ ಮಂದಿಯ ಬದುಕಿನ ಏಳೆಂಟು ವರ್ಷ ಜೈಲಿನಲ್ಲೇ ಕಳೆದಿತ್ತು. ಕಾರ್ಯಪಡೆಯ ಮೇಲೆ ಚಿತ್ರಹಿಂಸೆ, ಅತ್ಯಾಚಾರ, ಸುಳ್ಳು ಎನ್‌ಕೌಂಟರಿನ ದೂರುಗಳು ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಮಹದೇಶ್ವರ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ವಿಚಾರಣಾ ಜಾಗದ ಬಗ್ಗೆ ಹಳ್ಳಿಯ ಹೆಂಗಸರು ಗಂಡಸರು ಸಮಿತಿಯ ಮುಂದೆ ಬಂದು ಹೇಳಿಕೆ ಕೊಟ್ಟರು. ಹರಕೆ ಹೊತ್ತು ಹತ್ತುವ ಬೆಟ್ಟದ ಮೇಲೆಯೇ ಅಂಥ ಜಾಗ ಇತ್ತೆಂಬುದು ಈ ಸೀಮೆಯ ಭಕ್ತರ ಮನಸ್ಸಿಗೆ ಆದ ಗಾಯ. ಆಯೋಗ 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. ಹಣ ಕೊಡುವುದೆಂದರೆ ತಪ್ಪು ನಡೆದಿದೆ ಎಂದು ಒಪ್ಪಿದಂತೆಯೇ. ಆದರೂ ತಪ್ಪು ಮಾಡಿದವರ ಹೊಣೆ ಅದರಿಂದ ತೀರುವುದಿಲ್ಲ.

2000ನೇ ಇಸವಿಯ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಈ ಕಾಡಿನ ಸಂಕಟ ಇಡೀ ಕರ್ನಾಟಕದ ಮನೆಮನೆಗೂ ತಲುಪಿತು. ಬೆಂಗಳೂರು ದಿನಗಟ್ಟಲೆ ಸ್ತಬ್ಧವಾಯಿತು. ಅಪಹರಣಕಾರನ ಬೇಡಿಕೆಗಳಲ್ಲಿ ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಇತ್ಯಾದಿಗಳ ಜೊತೆಗೆ ಮೈಸೂರು ಜೈಲಿನಲ್ಲಿದ್ದ ಟಾಡಾ ಬಂದಿಗಳ ಬಿಡುಗಡೆಯೂ ಇತ್ತು. ರಾಜ್ಯ ಸರ್ಕಾರ ಒಪ್ಪಿ, ಅವರ ಮೇಲಿನ ಟಾಡಾ ಆರೋಪ ಹಿಂತೆಗೆದುಕೊಳ್ಳಲು ನ್ಯಾಯಾಲಯದಲ್ಲಿ ಅರ್ಜಿ ಹಾಕಿತು. ಆಗ ಅಡ್ಡ ನಿಂತದ್ದು ಯಾವ ಪಕ್ಷವೂ ಅಲ್ಲ, ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ.

ನಾಡೆಲ್ಲ ರಾಜ್‌ಕುಮಾರ್ ಕ್ಷೇಮವಾಗಿ ಬರಲೆಂದು ಪೂಜೆ ಮಾಡಿಸುತ್ತಿದ್ದ ಹೊತ್ತಿನಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಮಗನನ್ನು ಕಳೆದುಕೊಂಡ ತಂದೆಯ ಈ ನಡೆಯನ್ನು ಕಲ್ಲೆದೆಯೆಂದು ಜರಿಯುವುದು ಅಂದು ಸುಲಭವಿತ್ತು. ಕರ್ತವ್ಯದ ಮೇಲಿದ್ದವನ ಕೊಲೆಯ ಮೊಕದ್ದಮೆಯನ್ನು ಇನ್ನೊಬ್ಬರ ಬಿಡುಗಡೆಗೆ ಬೆಲೆಯಾಗಿ ಕೊಡಬಹುದೇ ಎಂಬುದು ಅವರು ಎತ್ತಿದ ಪ್ರಶ್ನೆ. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಆರೋಪಗಳ ಹಿಂತೆಗೆತಕ್ಕೆ ಸಿಕ್ಕಿದ್ದ ಅನುಮತಿಯನ್ನು ರದ್ದುಮಾಡಿತು. ಎಂಟು ದಿನ ಕಳೆದು, ನವೆಂಬರ್ 15ರಂದು, 108 ದಿನಗಳ ಸೆರೆಯ ನಂತರ ರಾಜ್‌ಕುಮಾರ್ ಬಿಡುಗಡೆಯಾದರು. ಆ ತೀರ್ಪಿನಲ್ಲಿ ಒಂದು ಕಷ್ಟವೂ ಅಡಗಿದೆ. ಯಾರ ಬಿಡುಗಡೆಯನ್ನು ನ್ಯಾಯಾಲಯ ತಡೆಯಿತೋ ಅವರಲ್ಲಿ ಅನೇಕರು ಮರುವರ್ಷ ನಿರಪರಾಧಿಗಳೆಂದು ಸಾಬೀತಾದರು. ತಂದೆಯದು ನ್ಯಾಯವಾದ ಬೇಡಿಕೆ, ಜೈಲಿನಲ್ಲಿ ಕೊಳೆಯುತ್ತಿದ್ದವರದೂ ನ್ಯಾಯವಾದ ಬೇಡಿಕೆ. ಅವೆರಡನ್ನೂ ಒಂದಕ್ಕೊಂದು ಎದುರಾಗಿಸಿದ್ದು ವರ್ಷಗಟ್ಟಲೆ ಮುಗಿಯದೆ ಎಳೆದ ವಿಚಾರಣೆ. ಮೊಕದ್ದಮೆ ಹೊತ್ತಿಗೆ ಸರಿಯಾಗಿ ನಡೆದಿದ್ದರೆ ಅಪಹರಣಕಾರನಿಗೆ ಆ ಬೇಡಿಕೆಯೇ ಸಿಗುತ್ತಿರಲಿಲ್ಲ.

ರಾಜ್‌ಕುಮಾರ್ ಮರಳಿ ಬಂದರು, ಎಚ್. ನಾಗಪ್ಪ ಬರಲಿಲ್ಲ. ಹನೂರು ಕ್ಷೇತ್ರವನ್ನು ಪ್ರತಿನಿಧಿಸಿದ್ದ ಈ ಮಾಜಿ ಸಚಿವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯ ಅವರ ಮನೆಯಿಂದ ಹೊತ್ತೊಯ್ಯಲಾಯಿತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಹೆದ್ದಾರಿಯ ಮೇಲೆಯೇ ಇರುವ ಊರು ಕಾಮಗೆರೆ, ಕಾಡಿನ ನಡುವಿನದಲ್ಲ. ಡಿಸೆಂಬರ್ 8ರಂದು ಚಂಗಡಿಯ ಕಾಡಿನಲ್ಲಿ ಅವರ ಹೆಣ ಸಿಕ್ಕಿತು. ಅವರು ಯಾರ ಗುಂಡಿಗೆ ಬಲಿಯಾದರೆಂಬ ವಿವಾದ ಎರಡು ರಾಜ್ಯಗಳ ನಡುವೆ ಎದ್ದಿತು. 2004ರ ಚುನಾವಣೆಯಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಅವರನ್ನು ಹನೂರಿನ ಜನ ವಿಧಾನಸಭೆಗೆ ಆರಿಸಿ ಕಳಿಸಿದರು. ಅಪಹರಣ ನಿಲ್ಲಿಸುವಂತೆ ಸರ್ಕಾರವನ್ನು ಎಷ್ಟೋ ಸಲ ಕೇಳಿದ್ದ ಜನಕ್ಕೆ ಅಂದು ಕೈಗೆಟುಕಿದ ಉತ್ತರ ಅದೊಂದೇ ಇರಬೇಕು.

ಅದೇ ವರ್ಷದ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯಲ್ಲಿ ತಮಿಳುನಾಡಿನ ಕಾರ್ಯಪಡೆ ವೀರಪ್ಪನ್‌ನನ್ನೂ ಅವನ ಮೂವರು ಸಂಗಡಿಗರನ್ನೂ ಕೊಂದಿತು. ಕಣ್ಣಿನ ಪೊರೆಯ ಚಿಕಿತ್ಸೆಗೆ ಕರೆದೊಯ್ಯುತ್ತೇವೆಂದು ನಂಬಿಸಿ ಆಂಬುಲೆನ್ಸ್ ಹತ್ತಿಸಿದ್ದು ಪೊಲೀಸರೇ. ಶ್ರೀನಿವಾಸ್ ಅವರಿಗೆ ಹೇಳಿದ ಸುಳ್ಳು ಮಾತು ಹದಿಮೂರು ವರ್ಷದ ಮೇಲೆ ಅವನಿಗೇ ತಿರುಗಿತು ಎಂದು ಹಲವರು ಅದನ್ನು ವಿಧಿಯ ಲೆಕ್ಕವಾಗಿ ಓದಿದರು. ಅದು ಯೋಚಿಸಿ ಹೆಣೆದ ಪೊಲೀಸ್ ಕಾರ್ಯಾಚರಣೆ, ವಿಧಿಯ ಕೈವಾಡ ಅದರಲ್ಲಿ ಬೇಕಿರಲಿಲ್ಲ. ಅವನ ಬೆನ್ನ ಹಿಂದೆ ಇದ್ದ ಗಂಧದ ವ್ಯಾಪಾರಿಗಳ, ದಂತ ಕೊಂಡವರ ಹೆಸರುಗಳು ನ್ಯಾಯಾಲಯದ ಕಟಕಟೆಗೆ ಬರುವ ದಾರಿ ಮಾತ್ರ ಅಂದೇ ಮುಚ್ಚಿತು.

ಪಾಲಾರ್ ಸ್ಫೋಟದ ಮೊಕದ್ದಮೆ ಅವನಿಗಿಂತ ಹೆಚ್ಚು ಕಾಲ ಬದುಕಿತು. ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದ್ದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು. ಅವರ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಹಾಗೇ ಉಳಿದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಸುಪ್ರೀಂ ಕೋರ್ಟು, ಅಷ್ಟು ಕಾಲ ಸಾವಿನ ನೆರಳಿನಲ್ಲಿ ಇರಿಸಿದ್ದೇ ಕ್ರೌರ್ಯವೆಂದು ಕಂಡು, ಇತರ ಕೈದಿಗಳ ಜೊತೆಗೆ ಈ ನಾಲ್ವರ ಗಲ್ಲನ್ನೂ ಜೀವಾವಧಿಗೆ ಇಳಿಸಿತು.

ಗಂಧದ ಕಾನೂನು ಬದಲಾದದ್ದು ಇವೆಲ್ಲದರ ನಡುವೆ, ಹೆಚ್ಚು ಸದ್ದಿಲ್ಲದೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯನಾದ. ಮಾರಾಟಕ್ಕೆ ಸರ್ಕಾರದ ಕಟ್ಟುಪಾಡುಗಳು ಉಳಿದರೂ ಸಸಿ ಕೀಳುವ ಕಾರಣ ಹೋಯಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರಗಳೂ ಸಿಕ್ಕವು. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು ವನ್ಯಜೀವಿಧಾಮವೆಂದು ಘೋಷಣೆಯಾಯಿತು.